ಇಪ್ಪತ್ತೇಳರ ಹೊಗಳಿಕೆ ಸಾಕು

ನವೆಂಬರ್ 26ರ ಸಂವಿಧಾನ ದಿನದಂದು ನಮ್ಮ ಕಾಲೇಜುಗಳ ಭಾಷಣಗಳಲ್ಲಿ ಒಂದು ಹೋಲಿಕೆ ತಪ್ಪದೆ ಬರುತ್ತದೆ. ಅಮೆರಿಕದ ಸಂವಿಧಾನ ಜಾರಿಗೆ ಬಂದು ಇನ್ನೂರ ಮೂವತ್ತು ವರ್ಷ ದಾಟಿತು, ಆದ ತಿದ್ದುಪಡಿ ಬರೀ 27. ನಮ್ಮದಕ್ಕೆ ಮುಕ್ಕಾಲು ಶತಮಾನದೊಳಗೇ 106. ಅಲ್ಲಿನ ಹಿರಿಯರು ಕಲ್ಲಿನಲ್ಲಿ ಕೆತ್ತಿದರು, ನಮ್ಮವರು ಮರಳಿನಲ್ಲಿ ಗೀಚಿದರು ಎಂಬ ಧಾಟಿಯಲ್ಲಿ ಮಾತು ಮುಗಿಯುತ್ತದೆ, ಸಭೆ ಚಪ್ಪಾಳೆ ತಟ್ಟುತ್ತದೆ. ಪರೀಕ್ಷೆಯ ಗೈಡುಗಳಲ್ಲೂ ಇದೇ ಉತ್ತರ. ಓದುವ ಕಾಲದಲ್ಲಿ ನಾನೂ ಇದನ್ನು ಬರೆದು ಅಂಕ ಪಡೆದಿದ್ದೇನೆ. ಅಮೆರಿಕದ ಇತಿಹಾಸವನ್ನು ಒಂದಷ್ಟು ಓದಿಕೊಂಡ ಮೇಲೆ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ಸಂವಿಧಾನದ ಗಟ್ಟಿತನವನ್ನು ಅಳೆಯಲು 27 ಎಂಬ ಸಂಖ್ಯೆಯಿಂದ ಆಗದು. ಜನ ಎಷ್ಟು ತಟ್ಟಿದರೂ ತೆರೆಯದ ಒಂದು ಬಾಗಿಲ ಕಥೆಯನ್ನಷ್ಟೇ ಅದು ಹೇಳುತ್ತದೆ.

ಆ 27ನ್ನೇ ಮೊದಲು ಬಿಡಿಸಿ ನೋಡೋಣ. ಹಕ್ಕುಗಳ ಮಸೂದೆ ಎಂದು ನಾವು ಓದುವ ಮೊದಲ ಹತ್ತು 1791ರ ಡಿಸೆಂಬರ್ 15ರಂದು ಒಟ್ಟಿಗೇ ಸೇರಿದವು. ಮೂಲ ಸಂವಿಧಾನಕ್ಕೆ ಒಪ್ಪಿಗೆ ಕೊಡುವಾಗಲೇ ಹಲವು ರಾಜ್ಯಗಳು ಹಕ್ಕುಗಳ ಪಟ್ಟಿ ಬೇಕೆಂದು ಪಟ್ಟು ಹಿಡಿದಿದ್ದವು. ಕಟ್ಟಡದ ಬಾಕಿ ಕೆಲಸ ಆಗ ಮುಗಿಯಿತು, ಅಷ್ಟೆ. 1919ರಲ್ಲಿ 18ನೆಯದು ಮದ್ಯ ನಿಷೇಧಿಸಿತು, 1933ರಲ್ಲಿ 21ನೆಯದು ಅದನ್ನು ಅಳಿಸಿತು. ಸಂಸದರು ತಮ್ಮ ಸಂಬಳ ಏರಿಸಿಕೊಂಡರೆ ಮುಂದಿನ ಚುನಾವಣೆಯವರೆಗೆ ಅದು ಜಾರಿಯಾಗಕೂಡದು ಎನ್ನುವ 27ನೆಯದನ್ನು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ರಾಜ್ಯಗಳಿಗೆ ಕಳಿಸಿದ್ದು 1789ರಲ್ಲಿ. ಟೆಕ್ಸಸ್‌ನ ಒಬ್ಬ ಕಾಲೇಜು ವಿದ್ಯಾರ್ಥಿ 1982ರಲ್ಲಿ ಅದನ್ನು ಹೊರಗೆಳೆದು ರಾಜ್ಯ ರಾಜ್ಯಕ್ಕೂ ಪತ್ರ ಬರೆಯಲು ಕೂತಮೇಲೆ, 1992ರಲ್ಲಿ ಅದು ಊರ್ಜಿತವಾಯಿತು. 202 ವರ್ಷ ಬೇಕಾಯಿತು. ಮತದಾನದ ವಯಸ್ಸನ್ನು 18ಕ್ಕೆ ಇಳಿಸಿದ 26ನೆಯದು 1971ರದು. ಒಂದೇ ತಲೆಮಾರು ತಾನೇ ಬರೆದು ತಾನೇ ಒಪ್ಪಿಕೊಂಡ ತಿದ್ದುಪಡಿಗಳಲ್ಲಿ ಅದೇ ಕೊನೆ. ಅರ್ಧ ಶತಮಾನ ಕಳೆದುಹೋಗಿದೆ. ಕಾಂಗ್ರೆಸ್ಸಿನಲ್ಲಿ ಈವರೆಗೆ ಮಂಡನೆಯಾದ ಪ್ರಸ್ತಾಪಗಳು 11 ಸಾವಿರಕ್ಕೂ ಹೆಚ್ಚು, ರಾಜ್ಯಗಳವರೆಗೆ ಹೋದವು 33. ಇಷ್ಟು ಕೇಳಿದವರು ತಿದ್ದಲು ಏನೂ ಇಲ್ಲದೆ ಕೂತಿದ್ದರು ಎಂದು ಹೇಗೆ ನಂಬುವುದು?

ಐದನೇ ವಿಧಿ ಹೇಳುವ ದಾರಿ ಹೀಗಿದೆ. ಕಾಂಗ್ರೆಸ್ಸಿನ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಸಿಗಬೇಕು. ಇಲ್ಲವೇ ಮೂರನೇ ಎರಡರಷ್ಟು ರಾಜ್ಯಗಳು ಕೇಳಿ ಒಂದು ವಿಶೇಷ ಸಮಾವೇಶ ಕರೆಸಬೇಕು. ಈ ಎರಡನೆಯ ದಾರಿಯಲ್ಲಿ ಹೊರಟು ಗುರಿ ಮುಟ್ಟಿದವರು ಇವತ್ತಿನವರೆಗೆ ಇಲ್ಲ. ಆಮೇಲೆ ನಾಲ್ಕನೇ ಮೂರರಷ್ಟು ರಾಜ್ಯಗಳು, ಅಂದರೆ ಇಂದಿನ 50ರಲ್ಲಿ 38, ಒಪ್ಪಬೇಕು. ಅಧ್ಯಕ್ಷರ ಸಹಿಗೆ ಇಲ್ಲಿ ಜಾಗವಿಲ್ಲ. ಇದರರ್ಥ, 13 ರಾಜ್ಯಗಳು ಒಲ್ಲೆ ಎಂದರೆ ಮುಗಿಯಿತು. ಆ ರಾಜ್ಯಗಳಲ್ಲೂ ಎರಡು ಸದನಗಳ ಪೈಕಿ ಒಂದು ಸುಮ್ಮನೆ ಕೂತರೆ ಸಾಕು. 2020ರ ಜನಗಣತಿಯ ಪ್ರಕಾರ ಅಮೆರಿಕದ ಜನಸಂಖ್ಯೆ 33 ಕೋಟಿ ಮೀರಿತ್ತು. ಅತಿ ಚಿಕ್ಕ 13 ರಾಜ್ಯಗಳ ಜನರನ್ನೆಲ್ಲ ಕೂಡಿಸಿದರೂ ಒಂದೂವರೆ ಕೋಟಿ ಆಗುವುದಿಲ್ಲ. ನೂರರಲ್ಲಿ ಐವರಿಗಿಂತ ಕಡಿಮೆ ಜನ ಇರುವ ರಾಜ್ಯಗಳು ಉಳಿದ ತೊಂಬತ್ತೈದು ಜನರ ಕೈ ಕಟ್ಟಬಲ್ಲವು.

ಇದನ್ನು ಬರೆದವರಿಗೆ ಕೈ ಕಟ್ಟುವ ಉದ್ದೇಶವಿರಲಿಲ್ಲ ಎಂಬುದನ್ನು ನಮ್ಮ ಭಾಷಣಕಾರರು ಹೇಳುವುದೇ ಇಲ್ಲ. ಅವರು ಅದಕ್ಕೂ ಕಠಿಣವಾದ ಏರ್ಪಾಟಿನಿಂದ ತಪ್ಪಿಸಿಕೊಂಡು ಬಂದವರು. 1781ರಿಂದ ಜಾರಿಯಲ್ಲಿದ್ದ ಹಳೆಯ ಒಕ್ಕೂಟದ ಒಡಂಬಡಿಕೆಯಲ್ಲಿ ಒಂದಕ್ಷರ ಬದಲಿಸಲೂ 13 ರಾಜ್ಯಗಳೆಲ್ಲ ಒಪ್ಪಬೇಕಿತ್ತು. ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸಲು ಆಮದು ಸುಂಕ ಹಾಕೋಣ ಎಂದು ಹೊರಟಾಗ ರೋಡ್ ಐಲೆಂಡ್ ಎಂಬ ಅಂಗೈಯಗಲದ ರಾಜ್ಯವೊಂದೇ ಬೇಡವೆಂದು ಅದನ್ನು ಕೆಡಿಸಿತು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದವರ ನೆನಪಿನಲ್ಲಿ ಆ ನೋವು ಹಸಿಯಾಗಿಯೇ ಇತ್ತು. ತಾವು ದಾರಿಯನ್ನು ಸಡಿಲಗೊಳಿಸುತ್ತಿದ್ದೇವೆ ಎಂದೇ ಅವರು ಭಾವಿಸಿದ್ದರು. ಸಂವಿಧಾನದ ಕರಡಿಗೆ ಸಹಿ ಹಾಕಿದ ಎರಡೇ ತಿಂಗಳಲ್ಲಿ ಜಾರ್ಜ್ ವಾಷಿಂಗ್ಟನ್ ತಮ್ಮ ಬಂಧುವಿಗೆ ಬರೆದ ಪತ್ರದಲ್ಲಿ, ಇದರಲ್ಲಿ ಕುಂದುಗಳಿವೆ, ಮುಂದೆ ಬರುವವರು ಅನುಭವ ನೋಡಿ ತಿದ್ದಿಕೊಳ್ಳಲಿ, ನಾವು ಅವರಿಗಿಂತ ಹೆಚ್ಚಿನ ಜ್ಞಾನಿಗಳಲ್ಲ ಎಂಬ ಅರ್ಥದ ಮಾತು ಹೇಳಿದ್ದರು. ಥಾಮಸ್ ಜೆಫರ್ಸನ್ ಇನ್ನೂ ಮುಂದೆ ಹೋಗಿ, ಒಂದು ತಲೆಮಾರಿನ ಆಯಸ್ಸು 19 ವರ್ಷ, ಅಷ್ಟು ವರ್ಷಕ್ಕೊಮ್ಮೆ ಸಂವಿಧಾನ ತಾನಾಗಿಯೇ ಮುಗಿಯಬೇಕು ಎಂದು 1789ರಲ್ಲಿ, ಸಂವಿಧಾನ ರಚಿಸಿದವರಲ್ಲೊಬ್ಬರಾದ ಜೇಮ್ಸ್ ಮ್ಯಾಡಿಸನ್‌ಗೆ ಲೆಕ್ಕ ಹಾಕಿ ಬರೆದರು. ಆ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಆದರೆ ಹಿರಿಯರು ಕಲ್ಲಿನಲ್ಲಿ ಕೆತ್ತಿದರು ಎನ್ನುವವರು ಆ ಹಿರಿಯರನ್ನೇ ಓದಿಲ್ಲ ಎಂದಷ್ಟು ಧೈರ್ಯವಾಗಿ ಹೇಳಬಲ್ಲೆ.

ಬಯಲುಸೀಮೆಯ ಕೆರೆಗಳನ್ನು ಬಲ್ಲವರಿಗೆ ಹೂಳು ತುಂಬಿದ ತೂಬು ಏನು ಮಾಡುತ್ತದೆಂದು ಗೊತ್ತು. ತೂಬು ಮುಚ್ಚಿತೆಂದು ನೀರು ನಿಲ್ಲುವುದಿಲ್ಲ. ಏರಿಯಲ್ಲಿ ಎಲ್ಲೋ ತೂತು ಮಾಡಿಕೊಂಡು ಸೋರುತ್ತದೆ, ಇಲ್ಲವೇ ಏರಿಯನ್ನೇ ಒಡೆದುಕೊಂಡು ಹೋಗುತ್ತದೆ. ಅಮೆರಿಕದಲ್ಲಿ ಎರಡೂ ಆದವು.

ಏರಿ ಒಡೆದದ್ದು 1861ರಲ್ಲಿ, ಉತ್ತರ-ದಕ್ಷಿಣ ರಾಜ್ಯಗಳ ಅಂತರ್ಯುದ್ಧದ ರೂಪದಲ್ಲಿ. 1804ರಿಂದ 1865ರವರೆಗೆ 61 ವರ್ಷ ಆ ಸಂವಿಧಾನಕ್ಕೆ ಒಂದೂ ತಿದ್ದುಪಡಿ ಆಗಲಿಲ್ಲ. ಸಂಖ್ಯೆ ನೋಡಿ ಹೊಗಳುವವರ ಲೆಕ್ಕದಲ್ಲಿ ಅದು ಸುವರ್ಣಯುಗವಾಗಬೇಕು. ಆ 61 ವರ್ಷ ಲಕ್ಷಾಂತರ ಮನುಷ್ಯರು ಸಂತೆಯಲ್ಲಿ ದನದಂತೆ ಮಾರಾಟವಾದ ವರ್ಷಗಳು, ತಾಯಿಯ ಕೈಯಿಂದ ಮಗುವನ್ನು ಕಿತ್ತು ಹರಾಜು ಹಾಕಿದ ವರ್ಷಗಳು. ಗುಲಾಮಗಿರಿಯನ್ನು ತಿದ್ದುಪಡಿಯಿಂದ ತೆಗೆಯುವ ದಾರಿಯೇ ಇರಲಿಲ್ಲ, ಏಕೆಂದರೆ ಒಪ್ಪಬೇಕಾದ ರಾಜ್ಯಗಳಲ್ಲಿ ಅರ್ಧದಷ್ಟು ಗುಲಾಮರನ್ನು ಇಟ್ಟುಕೊಂಡ ರಾಜ್ಯಗಳೇ ಆಗಿದ್ದವು. 1861ರಲ್ಲಿ ಕಾಂಗ್ರೆಸ್ ಮೂರನೇ ಎರಡರಷ್ಟು ಬಹುಮತದಿಂದ ರಾಜ್ಯಗಳಿಗೆ ಕಳಿಸಿದ ತಿದ್ದುಪಡಿ ಯಾವುದು ಗೊತ್ತೆ? ರಾಜ್ಯಗಳ ಗುಲಾಮಗಿರಿಯನ್ನು ಕೇಂದ್ರ ಎಂದೆಂದಿಗೂ ಮುಟ್ಟಕೂಡದು ಎನ್ನುವ ಕಾರ್ವಿನ್ ತಿದ್ದುಪಡಿ. ಅದು ಊರ್ಜಿತವಾಗಿದ್ದರೆ ಅದೇ 13ನೆಯದಾಗುತ್ತಿತ್ತು. ಯುದ್ಧ ಅದನ್ನು ತಡೆಯಿತು. ಆರು ಲಕ್ಷಕ್ಕೂ ಹೆಚ್ಚು ಹೆಣಗಳು ಬಿದ್ದ ಮೇಲೆ 1865ರಲ್ಲಿ ಗುಲಾಮಗಿರಿಯನ್ನು ಅಳಿಸುವ ನಿಜವಾದ 13ನೆಯದು ಬಂತು. ಹುಟ್ಟಿನಿಂದ ಪೌರತ್ವ ಮತ್ತು ಕಾನೂನಿನ ಸಮಾನ ರಕ್ಷಣೆ ಕೊಟ್ಟ 1868ರ 14ನೆಯದಂತೂ ಐದನೇ ವಿಧಿಯ ಸಹಜ ದಾರಿಯಲ್ಲಿ ಬರಲೇ ಇಲ್ಲ. ಸೋತ ದಕ್ಷಿಣದ ರಾಜ್ಯಗಳು ಅದನ್ನು ಒಪ್ಪಿದರೆ ಮಾತ್ರ ಕಾಂಗ್ರೆಸ್ಸಿನಲ್ಲಿ ಮತ್ತೆ ಕುರ್ಚಿ ಎಂದು 1867ರ ಕಾಯ್ದೆ ಷರತ್ತು ಹಾಕಿತು. ಸೈನ್ಯ ಅಲ್ಲೇ ಬೀಡು ಬಿಟ್ಟಿತ್ತು. ಆ ಷರತ್ತು ನ್ಯಾಯವಾದದ್ದೇ, ನನಗೆ ಅದರಲ್ಲಿ ಅನುಮಾನವಿಲ್ಲ. ಅಮೆರಿಕದ ಅತ್ಯುತ್ತಮ ವಾಕ್ಯಗಳು ಸಂವಿಧಾನಕ್ಕೆ ಸೇರಿದ್ದು ಬಂದೂಕಿನ ನೆರಳಿನಲ್ಲಿ ಎಂಬುದನ್ನು ಮರೆತು, 'ಸ್ಥಿರತೆ' ಎಂಬ ಪದವನ್ನು ನಾಲಿಗೆಯ ಮೇಲೆ ಹೇಗೆ ತರುತ್ತಾರೋ ನಾನರಿಯೆ.

ಇನ್ನು ಸೋರಿಕೆಯ ಕಥೆ. 1900ರ ದಶಕದ ಹೊತ್ತಿಗೆ ದಕ್ಷಿಣದ ಹತ್ತಿಗಿರಣಿಗಳಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳು ದಿನವಿಡೀ ನೂಲಿನ ಯಂತ್ರಗಳ ಮುಂದೆ ನಿಲ್ಲುತ್ತಿದ್ದರು. ಛಾಯಾಗ್ರಾಹಕ ಲೂಯಿಸ್ ಹೈನ್ ತೆಗೆದ ಅವರ ಚಿತ್ರಗಳನ್ನು ಒಮ್ಮೆ ನೋಡಿದವರು ಆ ಕಣ್ಣುಗಳನ್ನು ಮರೆಯುವುದಿಲ್ಲ. 1916ರಲ್ಲಿ ಕಾಂಗ್ರೆಸ್ ಕಾಯ್ದೆ ಮಾಡಿತು: 14 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ದುಡಿಸುವ ಕಾರ್ಖಾನೆಯ ಸರಕು ರಾಜ್ಯದ ಗಡಿ ದಾಟಕೂಡದು. 1918ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತದಿಂದ ಅದನ್ನು ಹೊಡೆದುಹಾಕಿತು; ಕಾರ್ಖಾನೆಯ ಒಳಗಿನ ದುಡಿಮೆ ರಾಜ್ಯಗಳ ವಿಷಯ, ಕೇಂದ್ರದ್ದಲ್ಲ ಎಂದಿತು. ಕಾಂಗ್ರೆಸ್ ತೆರಿಗೆಯ ಮೂಲಕ ತಡೆಯಲು ಹೋಯಿತು. 1922ರಲ್ಲಿ ಅದೂ ಬಿತ್ತು. ಸಂವಿಧಾನವೇ ಅಡ್ಡ ಬಂದರೆ ಸಂವಿಧಾನವನ್ನೇ ತಿದ್ದೋಣ ಎಂದು 1924ರಲ್ಲಿ ಎರಡೂ ಸದನಗಳು ಮೂರನೇ ಎರಡರಷ್ಟು ಬಹುಮತದಿಂದ ಬಾಲದುಡಿಮೆಯ ತಿದ್ದುಪಡಿಯನ್ನು ರಾಜ್ಯಗಳಿಗೆ ಕಳಿಸಿದವು. ಪುಸ್ತಕದಲ್ಲಿ ಹೇಳಿದ ದಾರಿಯಲ್ಲೇ ಜನ ನಡೆದರು. ಬೇಕಾಗಿದ್ದದ್ದು 36 ರಾಜ್ಯಗಳು. ಹದಿಮೂರು ವರ್ಷ ಕಾದರೂ 28ಕ್ಕೆ ನಿಂತಿತು.

ಮಕ್ಕಳು ಗಿರಣಿಯಿಂದ ಹೊರಬಂದದ್ದು ಹೇಗೆ? 1938ರಲ್ಲಿ ಕಾಂಗ್ರೆಸ್ ಮತ್ತೊಂದು ಕಾಯ್ದೆ ಮಾಡಿತು. ಅಷ್ಟರಲ್ಲಿ ಕೋರ್ಟಿನ ನ್ಯಾಯಮೂರ್ತಿಗಳು ಬದಲಾಗಿದ್ದರು. 1941ರಲ್ಲಿ ಅದೇ ಕೋರ್ಟು 1918ರ ತನ್ನ ತೀರ್ಪನ್ನು ತಾನೇ ತಳ್ಳಿಹಾಕಿ, ಸರ್ವಾನುಮತದಿಂದ ಕಾಯ್ದೆಯನ್ನು ಎತ್ತಿಹಿಡಿಯಿತು. ಸಂವಿಧಾನದ ಒಂದು ಅಲ್ಪವಿರಾಮವೂ ಕದಲಿರಲಿಲ್ಲ. 28 ರಾಜ್ಯಗಳ ವಿಧಾನಮಂಡಲಗಳು ಮಾಡಲಾಗದ್ದನ್ನು ಒಂಬತ್ತು ಕುರ್ಚಿಗಳ ಕೋರ್ಟು ಮಾಡಿತು. ಆ ಮೊದಲು ದೇಶವೇ ಬೇಡವೆಂದದ್ದನ್ನು 23 ವರ್ಷ ನಡೆಯಲು ಬಿಟ್ಟವರೂ ಅದೇ ಕುರ್ಚಿಗಳಲ್ಲಿ ಕೂತಿದ್ದವರು. 27ರ ಲೆಕ್ಕದಲ್ಲಿ ಈ ಎರಡು ಬದಲಾವಣೆಗಳಿಗೆ ಜಾಗವಿಲ್ಲ, ಆದರೂ ಇವು ತಿದ್ದುಪಡಿಗಳೇ. ಗರ್ಭಪಾತದ ಹಕ್ಕು ಸಂವಿಧಾನದಲ್ಲಿದೆ ಎಂದು 1973ರಲ್ಲಿ ಕೋರ್ಟು ಹೇಳಿತು, ಇಲ್ಲ ಎಂದು 2022ರಲ್ಲಿ ಹೇಳಿತು. ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಸ್ವಂತ ಹಕ್ಕು ಎಂದು 1791ರ ಎರಡನೇ ತಿದ್ದುಪಡಿಯ ಅರ್ಥ ಬಿಡಿಸಿದ್ದು 2008ರಲ್ಲಿ, ಐದಕ್ಕೆ ನಾಲ್ಕು ಮತದಿಂದ. ಈ ತೀರ್ಪುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದು ಬೇರೆ ಚರ್ಚೆ. ಪ್ರತಿ ಸಲವೂ ಕೋಟ್ಯಂತರ ಜನರ ಬದುಕಿನ ಮೂಲ ನಿಯಮ ಬದಲಾಯಿತು, ಪ್ರತಿ ಸಲವೂ ಬದಲಿಸಿದವರು ಜನರಿಂದ ಆಯ್ಕೆಯಾಗದೆ ಬದುಕಿರುವವರೆಗೂ ಹುದ್ದೆಯಲ್ಲಿರುವವರು. 2016ರಲ್ಲಿ ಖಾಲಿಯಾದ ಒಂದು ನ್ಯಾಯಮೂರ್ತಿ ಸ್ಥಾನಕ್ಕೆ ಅಧ್ಯಕ್ಷರು ಸೂಚಿಸಿದ ಹೆಸರನ್ನು ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್ ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಚರ್ಚೆಗೂ ಎತ್ತಿಕೊಳ್ಳದೆ ಸಾಯಲು ಬಿಟ್ಟಿತು. ತಿದ್ದುವ ಕೆಲಸ ಆ ಕುರ್ಚಿಗಳಿಗೆ ಬಂದು ಸೇರಿದ ಮೇಲೆ ಪಕ್ಷಗಳು ಕುರ್ಚಿಗಾಗಿ ಹಾಗೆ ಕಾದಾಡದೆ ಇನ್ನೇನು ಮಾಡುತ್ತವೆ?

ಮುಚ್ಚಿದ ತೂಬಿಗೆ ಇನ್ನೊಂದು ಉದಾಹರಣೆ ಬೇಕೆಂದರೆ ಅಧ್ಯಕ್ಷರ ಆಯ್ಕೆಯನ್ನೇ ನೋಡಿ. ಜನರ ಮತಗಳನ್ನು ನೇರವಾಗಿ ಎಣಿಸದೆ ರಾಜ್ಯವಾರು ಎಲೆಕ್ಟರುಗಳ ಮೂಲಕ ಅಧ್ಯಕ್ಷರನ್ನು ಆರಿಸುವ ಪದ್ಧತಿಯನ್ನು ತೆಗೆದುಹಾಕಲು 1969ರಲ್ಲಿ ಪ್ರತಿನಿಧಿ ಸಭೆ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮತಗಳಿಂದ ಒಪ್ಪಿತು. ಅಧ್ಯಕ್ಷ ನಿಕ್ಸನ್ ಬೆಂಬಲಿಸಿದರು. 1970ರಲ್ಲಿ ಸೆನೆಟ್‌ನಲ್ಲಿ ದಕ್ಷಿಣದ ಮತ್ತು ಚಿಕ್ಕ ರಾಜ್ಯಗಳ ಕೆಲವು ಸದಸ್ಯರು ಚರ್ಚೆ ಮುಗಿಯಲು ಬಿಡದೆ ಅದನ್ನು ಮುಳುಗಿಸಿದರು. 2000ದಲ್ಲಿ ಐದು ಲಕ್ಷಕ್ಕೂ ಹೆಚ್ಚು ಮತ ಕಡಿಮೆ ಪಡೆದವರು ಅಧ್ಯಕ್ಷರಾದರು, 2016ರಲ್ಲಿ 28 ಲಕ್ಷಕ್ಕೂ ಹೆಚ್ಚು ಮತ ಕಡಿಮೆ ಪಡೆದವರು ಅಧ್ಯಕ್ಷರಾದರು. ಸೆನೆಟ್‌ನಲ್ಲಿ ಸುಮಾರು 3.95 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಆರು ಲಕ್ಷ ತುಂಬದ ವಯೋಮಿಂಗ್‌ಗೂ ಎರಡೆರಡೇ ಸ್ಥಾನ. ಒಂದು ರಾಜ್ಯದ ಈ ಸಮಪಾಲನ್ನು ಅದರ ಒಪ್ಪಿಗೆಯಿಲ್ಲದೆ ಕಿತ್ತುಕೊಳ್ಳಕೂಡದೆಂದು ಐದನೇ ವಿಧಿಯಲ್ಲೇ ಬರೆದು ಬೀಗ ಹಾಕಲಾಗಿದೆ.

ಎದುರು ಪಕ್ಷದ ಅತ್ಯಂತ ಬಲವಾದ ಮಾತನ್ನು ನಾನು ಬಲ್ಲೆ, ಅದನ್ನು ಗೌರವಿಸುತ್ತೇನೆ. ತಿದ್ದುಪಡಿ ಸುಲಭವಾದರೆ ಕ್ಷಣದ ಆವೇಶದಲ್ಲಿ ಬಹುಮತ ಹಕ್ಕುಗಳನ್ನು ಕೊಚ್ಚಿಹಾಕುತ್ತದೆ. 1976ರಲ್ಲಿ ತುರ್ತು ಪರಿಸ್ಥಿತಿಯ ನೆರಳಲ್ಲಿ ನಮ್ಮ ಸಂಸತ್ತು 42ನೇ ತಿದ್ದುಪಡಿಯಿಂದ ಮಾಡಿದ್ದನ್ನು ನೋಡಿ, ಎನ್ನುತ್ತಾರೆ. ನೋಡಿದ್ದೇನೆ. ಆ ತಿದ್ದುಪಡಿ ನಮ್ಮ ಗಣರಾಜ್ಯದ ಮೇಲಿನ ದೊಡ್ಡ ಕಲೆ. ಅದರ ಬಹುಪಾಲು ಹಾನಿಯನ್ನು ತೊಳೆದದ್ದೂ ಇನ್ನೆರಡು ತಿದ್ದುಪಡಿಗಳೇ, 1977ರ 43ನೆಯದು ಮತ್ತು 1978ರ 44ನೆಯದು. ಜನ ಚುನಾವಣೆಯಲ್ಲಿ ತೀರ್ಪು ಕೊಟ್ಟರು, ಸಂಸತ್ತು ಎರಡು ವರ್ಷದಲ್ಲಿ ತಿದ್ದಿಕೊಂಡಿತು. ಕಠಿಣ ದಾರಿ ಅಮೆರಿಕದಲ್ಲಿ ದುರ್ಬಲರನ್ನು ಕಾಪಾಡಿತೇ? ಜನಾಂಗದ ಕಾರಣಕ್ಕೆ ಮತದ ಹಕ್ಕು ಕಸಿಯಕೂಡದು ಎಂಬ 15ನೇ ತಿದ್ದುಪಡಿ 1870ರಿಂದ ಇದೆ, ಯಾರೂ ಅದನ್ನು ಅಳಿಸಲಿಲ್ಲ. 1964ರಲ್ಲಿ ಮಿಸಿಸಿಪಿಯ ಕಪ್ಪು ವಯಸ್ಕರಲ್ಲಿ ಮತದಾರರ ಪಟ್ಟಿಯಲ್ಲಿದ್ದವರು ನೂರಕ್ಕೆ ಏಳು ಜನವೂ ಅಲ್ಲ. 1965ರ ಮತದಾನ ಹಕ್ಕುಗಳ ಕಾಯ್ದೆ ಬಂದ ಎರಡೇ ವರ್ಷದಲ್ಲಿ ಅದು ನೂರಕ್ಕೆ ಐವತ್ತೊಂಬತ್ತು ದಾಟಿತು. ಕದಲದ ಅಕ್ಷರ ತೊಂಬತ್ತೈದು ವರ್ಷದಲ್ಲಿ ಮಾಡದ ಕೆಲಸವನ್ನು ಮತದ ಹಕ್ಕು ಕೇಳಿ ಸೆಲ್ಮಾ ಊರಿನಲ್ಲಿ ಪೆಟ್ಟು ತಿಂದವರೂ ಒಂದು ಸಾಮಾನ್ಯ ಕಾಯ್ದೆಯೂ ಸೇರಿ ಮಾಡಿದರು. 1942ರಲ್ಲಿ ಜಪಾನ್ ಮೂಲದ ಒಂದು ಲಕ್ಷಕ್ಕೂ ಮೀರಿದ ಜನರನ್ನು ಮನೆಗಳಿಂದ ಎಬ್ಬಿಸಿ ಶಿಬಿರಗಳಿಗೆ ತುಂಬುವಾಗಲೂ ಸಂವಿಧಾನವನ್ನು ತಿದ್ದುವ ಅಗತ್ಯ ಯಾರಿಗೂ ಬೀಳಲಿಲ್ಲ. ಅವರಲ್ಲಿ ಹೆಚ್ಚಿನವರು ಅಮೆರಿಕದ ಪೌರರೇ ಆಗಿದ್ದರು.

ಅಮೆರಿಕದ ಜನರಿಗೆ ಸಂವಿಧಾನ ಮುಟ್ಟುವುದೆಂದರೆ ಹೆದರಿಕೆ ಎಂದೂ ತಿಳಿಯಬಾರದು. ಅಲ್ಲಿ ಒಂದೊಂದು ರಾಜ್ಯಕ್ಕೂ ತನ್ನದೇ ಸಂವಿಧಾನವಿದೆ. ಅಲಬಾಮಾದ 1901ರ ಸಂವಿಧಾನಕ್ಕೆ 900ಕ್ಕೂ ಹೆಚ್ಚು ತಿದ್ದುಪಡಿಗಳಾದವು. ಟೆಕ್ಸಸ್, ಕ್ಯಾಲಿಫೋರ್ನಿಯಾಗಳಲ್ಲಿ 500 ದಾಟಿವೆ. ದಾರಿ ತೆರೆದಿದ್ದಲ್ಲಿ ಅದೇ ಜನ ವರ್ಷವರ್ಷವೂ ಮತ ಹಾಕಿ ತಿದ್ದುತ್ತಾರೆ. ನಮ್ಮ 106ಕ್ಕೆ ಎದುರಾಗಿ ಇಡಬೇಕಾದದ್ದು ಈ ಸಾವಿರಾರನ್ನೂ ಸೇರಿಸಿದ ಲೆಕ್ಕ, ಏಕೆಂದರೆ ಅಲ್ಲಿ ರಾಜ್ಯದ ಸಂವಿಧಾನಗಳಲ್ಲೂ ಸಾಮಾನ್ಯ ಕಾಯ್ದೆಗಳಲ್ಲೂ ಹಂಚಿಹೋಗಿರುವುದನ್ನು ನಾವು ಒಂದೇ ಗ್ರಂಥದಲ್ಲಿ ಬರೆದುಕೊಂಡಿದ್ದೇವೆ. ಅಲಾಸ್ಕಾ ಮತ್ತು ಹವಾಯಿ 1959ರಲ್ಲಿ ಸಾಮಾನ್ಯ ಕಾಯ್ದೆಯಿಂದ ರಾಜ್ಯಗಳಾದವು. ಸಿಕ್ಕಿಂ 1975ರಲ್ಲಿ ಸೇರಲು 36ನೇ ತಿದ್ದುಪಡಿ ಬೇಕಾಯಿತು. ಕನ್ನಡ ನಾಡು ಒಂದಾದ 1956ರ ರಾಜ್ಯ ಪುನರ್ವಿಂಗಡಣೆಯ ಜೊತೆಗೆ ಬಂದದ್ದು 7ನೇ ತಿದ್ದುಪಡಿ. ಬೀದರ್, ಕಲಬುರಗಿ, ರಾಯಚೂರಿನ ಮಕ್ಕಳಿಗೆ ಕಾಲೇಜಿನಲ್ಲಿ, ನೌಕರಿಯಲ್ಲಿ ಪಾಲು ಕೊಟ್ಟ 371ಜೆ ವಿಧಿ 98ನೇ ತಿದ್ದುಪಡಿಯ ಫಲ. ಇವುಗಳಲ್ಲಿ ಯಾವುದನ್ನು ಬೇಕಾಬಿಟ್ಟಿ ಎಂದು ಕರೆಯೋಣ?

1949ರ ನವೆಂಬರ್ 25ರಂದು ಸಂವಿಧಾನ ಸಭೆಯ ಮುಂದೆ ಅಂಬೇಡ್ಕರ್ ಮಾಡಿದ ಭಾಷಣವನ್ನು ಇದೇ ವೇದಿಕೆಗಳಲ್ಲಿ ಮತ್ತೆ ಮತ್ತೆ ನೆನೆಯುತ್ತಾರೆ. ಅದೇ ಭಾಷಣದಲ್ಲಿ ಅವರು ತಿದ್ದುಪಡಿಯ ಪ್ರಶ್ನೆಯನ್ನೂ ಎತ್ತಿಕೊಂಡು, ಜೆಫರ್ಸನ್‌ರ ವಿಚಾರವನ್ನು ಒಪ್ಪಿ ಉದ್ಧರಿಸಿ, ಅಮೆರಿಕ, ಆಸ್ಟ್ರೇಲಿಯಾಗಳಂತೆ ಅಸಾಧಾರಣ ಷರತ್ತುಗಳನ್ನು ಹೇರದೆ ತಿದ್ದುಪಡಿಯ ದಾರಿಯನ್ನು ಸುಗಮವಾಗಿಟ್ಟಿದ್ದೇವೆ ಎಂದು ಈ ಸಂವಿಧಾನದ ಗುಣವಾಗಿಯೇ ಹೇಳಿದರು. ಅಮೆರಿಕದ ದಾರಿಯನ್ನು ನೋಡಿ, ತೂಗಿ, ಬೇಡವೆಂದು ಬಿಟ್ಟದ್ದು ಅದು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರಿನ ಬೆನಗಲ್ ನರಸಿಂಗ ರಾಯರು 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡಾಗ, 'ಡ್ಯೂ ಪ್ರೊಸೆಸ್' (ನ್ಯಾಯಸಮ್ಮತ ಕ್ರಮ) ಎಂಬ ಮಾತಿನ ಬಲದಿಂದ ಶಾಸನಗಳನ್ನು ಹೊಡೆದುಹಾಕುವ ಅಧಿಕಾರ ಪ್ರಜಾಪ್ರಭುತ್ವಕ್ಕೂ ಒಗ್ಗದು, ನ್ಯಾಯಾಂಗಕ್ಕೂ ಹೊರೆ ಎಂದು ಆ ನ್ಯಾಯಮೂರ್ತಿಯೇ ಹೇಳಿ ಕಳಿಸಿದರು. ತಿದ್ದಲಾಗದ ಸಂವಿಧಾನದ ಅಡಿಯಲ್ಲಿ ಒಂಬತ್ತು ಮಂದಿಯ ಮಾತಿಗೆ ಎಂಥ ತೂಕ ಬರುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಈ ಚರ್ಚೆ ಇಂದು ಕನ್ನಡದ ಮನೆಗಳ ಹೊಸ್ತಿಲಿಗೇ ಬಂದಿದೆ. ಕೆಲಸದ ವೀಸಾದ ಮೇಲೆ ಕ್ಯಾಲಿಫೋರ್ನಿಯಾದಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಮಗಳ ಬಾಣಂತನಕ್ಕೆಂದು ಹೊರಡುವ ಅಜ್ಜಿಯರು ನಮ್ಮ ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಅಲ್ಲಿ ಹುಟ್ಟಿದ ಮಗು ಅಲ್ಲಿನ ಪೌರ ಎಂಬ ಭರವಸೆ 1868ರ 14ನೇ ತಿದ್ದುಪಡಿಯ ಮೊದಲ ವಾಕ್ಯದಿಂದ ಬಂದದ್ದು, ಚೀನಾ ಮೂಲದ ಅಡುಗೆಯವನೊಬ್ಬನ ಮೊಕದ್ದಮೆಯಲ್ಲಿ 1898ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು. 2025ರ ಜನವರಿ 20ರಂದು ಅಧ್ಯಕ್ಷರು ಒಂದು ಆದೇಶಕ್ಕೆ ಸಹಿ ಹಾಕಿದರು: ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆ ಪೌರನೂ ಅಲ್ಲ ಕಾಯಂ ನಿವಾಸಿಯೂ ಅಲ್ಲ ಎಂದಾದರೆ ಮಗುವಿಗೆ ಆ ಹಕ್ಕಿಲ್ಲ. ಕೆಳಗಿನ ನ್ಯಾಯಾಲಯಗಳು ಅದನ್ನು ತಡೆದವು, ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಆ ವಾಕ್ಯ ಬದಲಾಗಬೇಕೆಂದು ಬಯಸುವವರ ಮುಂದೆ ಐದನೇ ವಿಧಿಯ ದಾರಿ ಇತ್ತು: ಎರಡು ಸದನ, ಮೂರನೇ ಎರಡರಷ್ಟು ಮತ, 38 ರಾಜ್ಯ. ಸಹಿ ಹಾಕಿದವರು ಆ ದಾರಿಯ ಕಡೆ ತಿರುಗಿಯೂ ನೋಡಲಿಲ್ಲ. ಹುಟ್ಟಲಿರುವ ಮಗುವಿನ ಪೌರತ್ವಕ್ಕಾಗಿ ಎರಡೂ ಕಡೆಯವರು ಕಾದು ನಿಂತದ್ದು ಒಂಬತ್ತು ಜನರ ಬಾಗಿಲಲ್ಲಿ.